ಒಂಟಾರಿಯೋಗೆ ಬಂದಿದ್ದೀರಾ? ಮನೆಗಿಂತ ಮುಂಚೆ ಶಾಲೆ ನೋಡಿ

ಕೆನಡಾದ ಈ ಪ್ರಾಂತ್ಯಕ್ಕೆ ನಾವು ಬಂದ ವರ್ಷ ಮಾಡಿದ ಎಡವಟ್ಟಿನಿಂದಲೇ ಶುರು ಮಾಡುತ್ತೇನೆ. ಹೊಸ ಬಡಾವಣೆಯಲ್ಲಿ ಬಾಡಿಗೆ ಮನೆ ಸಿಕ್ಕಿತು, ಅಡುಗೆಮನೆ ಕಿಟಕಿಯಿಂದಲೇ ಶಾಲೆ ಕಾಣುತ್ತಿತ್ತು. ಖುಷಿಯಲ್ಲಿ ಸಹಿ ಹಾಕಿ ಮಗಳನ್ನು ಸೇರಿಸಲು ಹೋದರೆ, 'ನಿಮ್ಮ ಬೀದಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಅಂದುಬಿಟ್ಟರು. ಎರಡು ವರ್ಷ ಹಳದಿ ಬಸ್ಸು ಹತ್ತಿ ದೂರದ ಶಾಲೆಗೆ ಹೋದಳು. ಇಲ್ಲಿನ ಮಕ್ಕಳನ್ನು ಬೇರೆ ಕಡೆಗೆ ಕಳಿಸಬಹುದು ಎಂದು ಸ್ಕೂಲ್ ಬೋರ್ಡಿನವರು (ಆಯಾ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಮಂಡಳಿ) ಬಡಾವಣೆಯ ಬಾಯಲ್ಲೇ ಫಲಕ ನೆಟ್ಟಿದ್ದರು. ದಿನಾ ಅದರ ಮುಂದೆಯೇ ಓಡಾಡಿದರೂ ನಾವು ಓದಿರಲಿಲ್ಲ!

ಆದ್ದರಿಂದ ಬಾಡಿಗೆ ಕರಾರಿಗೆ ಮುಂಚೆ ಬೋರ್ಡಿನ ವೆಬ್‌ಸೈಟಿನಲ್ಲಿ ಆ ಮನೆಯ ವಿಳಾಸ ಹಾಕಿ ನೋಡಿ. ಮಗುವಿನ ತರಗತಿ ನಿರ್ಧಾರವಾಗುವುದು ಹುಟ್ಟಿದ ಇಸವಿಯಿಂದ. ಡಿಸೆಂಬರ್ 31ರೊಳಗೆ 4 ತುಂಬುವ ಮಗು ಆ ಸೆಪ್ಟೆಂಬರಿನಲ್ಲೇ ಜೂನಿಯರ್ ಕಿಂಡರ್‌ಗಾರ್ಟನ್ (ನಮ್ಮ ಎಲ್‌ಕೆಜಿಯಂಥದ್ದು) ಸೇರಬಹುದು. ಲಸಿಕೆ ಹಾಕಿಸಿದ ದಾಖಲೆಯನ್ನು ಮಾತ್ರ ಊರಿನಿಂದ ಮರೆಯದೆ ತನ್ನಿ.

'ಸರ್ಕಾರಿ ಶಾಲೆಯಾ?' ಎಂದು ಮೂಗು ಮುರಿಯಬೇಡಿ. ಇಲ್ಲಿ ಡಾಕ್ಟರರ ಮಕ್ಕಳೂ ಬಸ್ ಡ್ರೈವರರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಸರ್ಕಾರದ ದುಡ್ಡಿನಲ್ಲಿ ನಡೆಯುವ ವ್ಯವಸ್ಥೆಗಳೇ ನಾಲ್ಕಿವೆ: ಇಂಗ್ಲಿಷ್ ಪಬ್ಲಿಕ್, ಇಂಗ್ಲಿಷ್ ಕ್ಯಾಥೊಲಿಕ್, ಫ್ರೆಂಚ್ ಪಬ್ಲಿಕ್, ಫ್ರೆಂಚ್ ಕ್ಯಾಥೊಲಿಕ್. ಕ್ಯಾಥೊಲಿಕ್ ಪ್ರಾಥಮಿಕ ಶಾಲೆಗೆ ಸಾಮಾನ್ಯವಾಗಿ ದೀಕ್ಷಾಸ್ನಾನದ ಪತ್ರ ಕೇಳುತ್ತಾರೆ. ಒಂಬತ್ತನೇ ತರಗತಿಯಿಂದ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಯೂನಿಫಾರ್ಮ್ ಇದೆ ಎಂಬ ಒಂದೇ ಕಾರಣಕ್ಕೆ ಅಲ್ಲಿಗೆ ಹೋದ ನಮ್ಮವರೂ ಉಂಟು.

ಫ್ರೆಂಚ್ ವಿಷಯದಲ್ಲಿ ಎಲ್ಲರೂ ಗೊಂದಲಕ್ಕೆ ಬೀಳುತ್ತಾರೆ. ಫ್ರೆಂಚ್ ಇಮ್ಮರ್ಷನ್, ಅಂದರೆ ಹಲವು ಪಾಠಗಳನ್ನು ಫ್ರೆಂಚಿನಲ್ಲೇ ಕಲಿಸುವುದು, ಇಂಗ್ಲಿಷ್ ಬೋರ್ಡಿನದ್ದೇ ಕಾರ್ಯಕ್ರಮ. ಅಪ್ಪ-ಅಮ್ಮನಿಗೆ ಫ್ರೆಂಚ್ ಬರಬೇಕೆಂದೇನಿಲ್ಲ. ಫ್ರೆಂಚ್ ಬೋರ್ಡಿನ ಶಾಲೆ ಬೇರೆಯೇ. ಅದು ಮುಖ್ಯವಾಗಿ ಕೆನಡಾ ಸಂವಿಧಾನದ ಪ್ರಕಾರ ಫ್ರೆಂಚ್ ಶಿಕ್ಷಣದ ಹಕ್ಕಿರುವ ಕುಟುಂಬಗಳಿಗೆ. ಉಳಿದವರು ಪ್ರವೇಶ ಸಮಿತಿಯ ಮುಂದೆ ಹೋಗಬೇಕು. ಇಮ್ಮರ್ಷನ್ ಯಾವ ತರಗತಿಯಿಂದ ಶುರು ಎಂಬುದು ಬೋರ್ಡಿನಿಂದ ಬೋರ್ಡಿಗೆ ಬದಲಾಗುತ್ತದೆ, ಅರ್ಜಿಯ ಗಡುವು ತಪ್ಪಿದರೆ ಗೋಗರೆದರೂ ಪ್ರಯೋಜನವಿಲ್ಲ.

ಖಾಸಗಿ ಶಾಲೆಗೆ ಸರ್ಕಾರ ಕಾಸೂ ಕೊಡುವುದಿಲ್ಲ. ಡಿಪ್ಲೊಮಾ (ಹೈಸ್ಕೂಲು ಮುಗಿಸಿದ ಪ್ರಮಾಣಪತ್ರ) ಪಡೆಯಲು ಬೇಕಾದ ಕ್ರೆಡಿಟ್ (ಪಾಸಾದ ವಿಷಯಕ್ಕೆ ಸಿಗುವ ಮಾನ್ಯತೆ) ಕೊಡುವ ಹೈಸ್ಕೂಲುಗಳನ್ನಷ್ಟೇ ಶಿಕ್ಷಣ ಸಚಿವಾಲಯ ತಪಾಸಣೆ ಮಾಡುತ್ತದೆ. ಚಿಕ್ಕ ಮಕ್ಕಳ ಖಾಸಗಿ ಶಾಲೆಯ ಗುಣಮಟ್ಟವನ್ನು ನೀವೇ ಹೋಗಿ ನೋಡಬೇಕು. ಡಿಪ್ಲೊಮಾಗೆ 30 ಕ್ರೆಡಿಟ್, 40 ಗಂಟೆ ಸಮಾಜಸೇವೆ, ಸಾಕ್ಷರತಾ ಪರೀಕ್ಷೆ ಎಲ್ಲ ಬೇಕು. ನಮ್ಮ ಪಿಯುಸಿಯಂತೆ ಸೈನ್ಸ್, ಕಾಮರ್ಸ್ ಎಂಬ ವಿಭಾಗಗಳಿಲ್ಲ, ಮಗುವೇ ವಿಷಯ ಆರಿಸಿಕೊಳ್ಳಬೇಕು. ಹನ್ನೊಂದರಲ್ಲಿ ಒಂದು ಗಣಿತ ಬಿಟ್ಟರೆ ಎಂಜಿನಿಯರಿಂಗ್ ದಾರಿ ಮುಚ್ಚಿದಂತೆಯೇ, ಹಾಗಾಗಿ ಒಂಬತ್ತರಲ್ಲೇ ಗೈಡೆನ್ಸ್ ಕೌನ್ಸಿಲರ್ ಹತ್ತಿರ ಕೂತು ಮಾತಾಡಿ. ಗಿಫ್ಟೆಡ್ (ವಿಶೇಷ ಪ್ರತಿಭೆಯ ಮಕ್ಕಳಿಗೆ), ಐಬಿ (ಅಂತರರಾಷ್ಟ್ರೀಯ ಪಠ್ಯಕ್ರಮ) ಕಾರ್ಯಕ್ರಮಗಳೂ ಕಲಾ ಶಾಲೆಗಳೂ ಸರ್ಕಾರಿ ಬೋರ್ಡುಗಳಲ್ಲೇ ಇವೆ. ಟೊರೊಂಟೊದ ಎಟೊಬಿಕೋಕ್ ಸ್ಕೂಲ್ ಆಫ್ ದಿ ಆರ್ಟ್ಸ್ ಅಂಥ ಒಂದು ಕಲಾ ಶಾಲೆ.

ಇನ್ನೊಂದು ಮಾತು, ನಮ್ಮವರು ಪಿಸುಗುಟ್ಟುವಂಥದ್ದು. ಮಗುವಿಗೆ ಓದಿನಲ್ಲೋ ಮಾತಿನಲ್ಲೋ ತೊಂದರೆ ಇದ್ದರೆ ಮುಚ್ಚಿಡಬೇಡಿ. ಟೀಚರ್ ಹೇಳಲಿ ಎಂದು ಕಾಯುತ್ತ ಕೂರಲೂ ಬೇಡಿ. ಮಗುವಿಗೆ ವಿಶೇಷ ಶಿಕ್ಷಣ ಬೇಕೇ, ಎಲ್ಲಿ ಕಲಿಸಬೇಕು ಎಂದು ತೀರ್ಮಾನಿಸುವ ಐಪಿಆರ್‌ಸಿ ಎಂಬ ಸಮಿತಿ ಇದೆ. ತಂದೆ-ತಾಯಿ ಬರವಣಿಗೆಯಲ್ಲಿ ಕೇಳಿದರೆ ಪ್ರಿನ್ಸಿಪಾಲರು ಮಗುವಿನ ವಿಚಾರವನ್ನು ಅದರ ಮುಂದೆ ಇಡಲೇಬೇಕು. ಬಾಯಿಮಾತಲ್ಲ, ಪತ್ರ. ತಾರೀಖು ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ.

ಕೊನೆಗೆ ಕನ್ನಡ. 25 ಅಥವಾ ಹೆಚ್ಚು ಪ್ರಾಥಮಿಕ ಶಾಲಾ ಮಕ್ಕಳ ಪೋಷಕರು ಸೇರಿ ಕೇಳಿದರೆ, ಬೋರ್ಡು ಆ ಭಾಷೆಯ ತರಗತಿ ನಡೆಸಲೇಬೇಕೆಂಬ ನಿಯಮ ಒಂಟಾರಿಯೋದಲ್ಲಿದೆ. ನಮ್ಮ ಪಟ್ಟಿಯಲ್ಲಿ ಸದ್ಯ 19 ಹೆಸರಿವೆ.