ಊರಿನ ಹಿರಿಯ ವ್ಯಾಪಾರಿಗೆ ನುಡಿನಮನ ಮಾಡುವಾಗ

ರಾಯಚೂರಿನ ಗಂಜಿನಲ್ಲಿ, ಅಂದರೆ ಬೆಳೆ ಮಾರುವ ದೊಡ್ಡ ಮಾರುಕಟ್ಟೆಯಲ್ಲಿ, ಹಿರಿಯ ಸಾವುಕಾರರೊಬ್ಬರು ತೀರಿಕೊಂಡರೆ ಏನೇನು ನಡೆಯುತ್ತೆ ಅಂತ ನಮಗೆಲ್ಲ ಗೊತ್ತು. ಅಂಗಡಿಗಳ ಶಟರ್ ಅರ್ಧ ಇಳಿಯುತ್ತೆ, ಸಂಜೆಯೊಳಗೆ ಸರ್ಕಲ್‌ನಲ್ಲಿ ದೊಡ್ಡ ಫೋಟೊ ನಿಲ್ಲುತ್ತೆ, ವಾಟ್ಸಾಪ್ ತುಂಬ ಶ್ರದ್ಧಾಂಜಲಿ. ಆಮೇಲೆ ಸಭೆ. ಮಾತಾಡಿದವರೆಲ್ಲ ‘ಕೊಡುಗೈ ದಾನಿ’ ಅಂತಾರೆ, ಆದರೆ ಯಾರಿಗೆ ಏನು ಕೊಟ್ಟರು ಅನ್ನೋದು ಯಾರ ಬಾಯಿಂದಲೂ ಬರಲ್ಲ. ಊರಿಗಾಗಿ ದುಡಿದವರನ್ನು ನೆನೆಯಬೇಕು ಅಂದರೆ ಅವರು ಮಾಡಿದ ಕೆಲಸ ಏನು ಅಂತ ಮೊದಲು ಗೊತ್ತಾಗಬೇಕು. ಹಾಗಾಗಿ ಹಾಲ್ ಬುಕ್ ಮಾಡುವ ಮೊದಲು ಒಂದು ನೋಟ್‌ಬುಕ್ ತಗೊಳ್ಳಿ.

ಮನೆಯವರು ದುಃಖದಲ್ಲಿರುತ್ತಾರೆ, ಅವರನ್ನು ಕೊನೆಗೆ ಮಾತಾಡಿಸಿ. ದಿನಕರ್ಮ, ಗಣಾರಾಧನೆ, ಫಾತಿಹಾ ಎಲ್ಲ ಅವರಿಗೆ ಬಿಟ್ಟ ವಿಷಯ, ಅದರಲ್ಲಿ ನಾವು ಕೈ ಹಾಕುವುದು ಬೇಡ. ಮೊದಲು ಹಳೇ ಗುಮಾಸ್ತರ ಹತ್ತಿರ ಹೋಗಿ, ಆಮೇಲೆ ಹಮಾಲರು, ಡ್ರೈವರ್, ಅವರು ಕಮಿಟಿಯಲ್ಲಿದ್ದ ಶಾಲೆಯ ನಿವೃತ್ತ ಮೇಷ್ಟ್ರು, ಹತ್ತಿ ತಂದು ಅವರ ಅಡತ್ (ಕಮಿಷನ್ ಮೇಲೆ ಬೆಳೆ ಮಾರಿಸಿಕೊಡುವ) ಅಂಗಡಿಯಲ್ಲೇ ಹಾಕುತ್ತಿದ್ದ ರೈತರು. ‘ಸಾವುಕಾರ್ರು ಹೆಂಗಿದ್ರು?’ ಅಂತ ಕೇಳಬೇಡಿ, ‘ದೇವರಂಥ ಮನುಷ್ಯರು’ ಅಂತಾರೆ, ಮಾತು ಅಲ್ಲಿಗೇ ಮುಗಿಯುತ್ತೆ. ‘ನೀವು ಮೊದಲ ಸಲ ಅವರ ಅಂಗಡಿಗೆ ಯಾಕೆ ಹೋಗಿದ್ರಿ?’ ಅಂತ ಕೇಳಿ ನೋಡಿ. ಮಗಳ ಮದುವೆಗೆ ಮುಂಗಡ ಇಸ್ಕೊಂಡದ್ದು, ಬೆಳೆ ಹೋದ ವರ್ಷ ಸಾಲ ಮುಂದಕ್ಕೆ ಹಾಕಿದ್ದು, ಜಗಳ ಆಡಿ ಮತ್ತೆ ಒಂದಾದದ್ದು, ಎಲ್ಲ ಒಂದೊಂದಾಗಿ ಹೊರಬರುತ್ತೆ. ಒಪ್ಪಿಗೆ ಕೇಳಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಯಾರ ಸಾಲ, ಯಾರ ಕಷ್ಟ ಅನ್ನೋದನ್ನು ಮಾತ್ರ ಹೆಸರು ಹಿಡಿದು ವೇದಿಕೆ ಮೇಲೆ ಹೇಳಬೇಡಿ.

ಕೇಳಿದ್ದನ್ನು ಕಾಗದದ ಜೊತೆ ತಾಳೆ ನೋಡಲೇಬೇಕು. ‘ಶಾಲೆ ಕಟ್ಟಿಸಿದರು’ ಅಂತ ಎಲ್ಲರೂ ಹೇಳ್ತಾರೆ. ಜಾಗ ಕೊಟ್ಟರೋ, ಒಂದು ಕೋಣೆಗೆ ದುಡ್ಡು ಕೊಟ್ಟರೋ, ಅಥವಾ ಅಧ್ಯಕ್ಷರಾಗಿ ನಿಂತು ಊರಿಂದ ಚಂದಾ ಎತ್ತಿದರೋ? ಮೂರೂ ದೊಡ್ಡ ಕೆಲಸವೇ, ಆದರೆ ಒಂದೇ ಅಲ್ಲ. ಶಾಲೆಯ ಗೋಡೆಯ ಕಲ್ಲಿನ ಫಲಕ ಓದಿ, ಆಡಳಿತ ಮಂಡಳಿಯ ನಡಾವಳಿ ಪುಸ್ತಕ ತೆಗೆಸಿ. ಚಂದಾ ಕೊಟ್ಟ ಬೇರೆ ಮನೆತನದವರೂ ಸಭೆಯಲ್ಲಿ ಕೂತಿರುತ್ತಾರೆ, ಎಲ್ಲ ಒಬ್ಬರ ಹೆಸರಿಗೇ ಬರೆದರೆ ಅವರಿಗೆ ನೋವಾಗಲ್ವಾ?

ಹಳೇ ಮನೆತನವಾದರೆ ಅಪ್ಪ, ಅಜ್ಜನ ಕಾಲದ ಕಾಗದವೂ ಸಿಗಬಹುದು. ರಾಯಚೂರು, ಕೊಪ್ಪಳ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಕೈಯಲ್ಲಿದ್ದವು, ಹಾಗಾಗಿ ದಸ್ತಾವೇಜು ಉರ್ದುವಿನಲ್ಲಿ, ದುಡ್ಡು ಹಾಲಿ ಸಿಕ್ಕಾದಲ್ಲಿ (ನಿಜಾಮರ ರೂಪಾಯಿ), ವರ್ಷ ಫಸಲಿಯಲ್ಲಿ (ಕಂದಾಯದ ವರ್ಷದ ಲೆಕ್ಕ) ಇರುತ್ತೆ. ಫಸಲಿಗೆ 590 ಸೇರಿಸಿದರೆ ಇಸವಿ ಸಿಗುತ್ತೆ: ಫಸಲಿ 1357 ಅಂದರೆ 1947-48. ಬಳ್ಳಾರಿ ಕಡೆಯವರಾದರೆ ಕಥೆ ಬೇರೆ. 1953ರ ಅಕ್ಟೋಬರ್ 1ಕ್ಕೆ ಮೈಸೂರಿಗೆ ಸೇರುವ ಮೊದಲು ಅದು ಮದ್ರಾಸ್ ಕಡೆಗಿತ್ತು, ಇಂಗ್ಲಿಷ್, ತೆಲುಗು ಓದುವವರನ್ನು ಹುಡುಕಬೇಕು. ಉರ್ದು ಓದುವ ಹಿರಿಯರು ಪಕ್ಕದ ಓಣಿಯಲ್ಲೇ ಇರುತ್ತಾರೆ, ಹೋಗಿ ಕೇಳಿದರೆ ಖುಷಿಯಿಂದ ಓದಿ ಹೇಳ್ತಾರೆ.

ಇನ್ನು ಸಭೆ. ಸಂಜೆ ಇಡಿ, ಗಂಜಿನ ವ್ಯವಹಾರ ಮುಗಿದ ಮೇಲೆ. ಗೌರವಕ್ಕೆ ಅಂತ ದಿನವಿಡೀ ಗಂಜ್ ಬಂದ್ ಮಾಡುವುದು ನನಗೆ ಸರಿ ಕಾಣಲ್ಲ, ಯಾಕಂದ್ರೆ ಅದು ಗೊತ್ತಿಲ್ಲದೆ ಹಳ್ಳಿಯಿಂದ ಹತ್ತಿ ಹೇರಿಕೊಂಡು ಬಂದ ರೈತ ರಾತ್ರಿಯೆಲ್ಲ ಗಾಡಿ ಕಾಯುತ್ತಾ ಬಾಡಿಗೆ ಕಟ್ಟಬೇಕು. ಬಂದ್ ಮಾಡಲೇಬೇಕು ಅಂದ್ರೆ ಹಿಂದಿನ ದಿನವೇ ಹಳ್ಳಿಗಳಿಗೆ ಸುದ್ದಿ ಮುಟ್ಟಿಸಿ. ಫ್ಲೆಕ್ಸ್ ಬೇಡ, ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ. ವೇದಿಕೆಗೆ ಬಟ್ಟೆಯ ಬ್ಯಾನರ್ ಸಾಕು.

ಐದು ಜನ ಮಾತಾಡಿದರೆ ಸಾಕು. ಒಬ್ಬೊಬ್ಬರಿಗೆ ಒಂದೊಂದು ವಿಷಯ ಮೊದಲೇ ಹಂಚಿ: ಒಬ್ಬರು ವ್ಯಾಪಾರ, ಒಬ್ಬರು ಶಾಲೆ, ಒಬ್ಬರು ಬರಗಾಲದ ವರ್ಷ. ಹಮಾಲರ ಪರವಾಗಿ ಒಬ್ಬರಿಗೆ ಮೊದಲು ಮೈಕ್ ಕೊಡಿ, ಕೊನೆಗೆ ಅಂತ ಇಟ್ಟರೆ ಶಾಸಕರು ಹೊರಟ ಹಿಂದೆಯೇ ಅರ್ಧ ಸಭೆ ಎದ್ದು ಹೋಗಿರುತ್ತೆ.

ಸಭೆಯಲ್ಲಿ ‘ಪ್ರತಿಮೆ ಇಡೋಣ’ ಅನ್ನುವ ಕೂಗು ಏಳುತ್ತೆ. ರಸ್ತೆ, ಫುಟ್‌ಪಾತ್ ಮೇಲೆ ಪ್ರತಿಮೆಗೆ ಅನುಮತಿ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ರಸ್ತೆಗೆ ಹೆಸರು ಇಡಬೇಕಾದರೆ ಸ್ಥಳೀಯ ಆಡಳಿತದಲ್ಲಿ ಠರಾವು ಆಗಬೇಕು. ನನ್ನನ್ನು ಕೇಳಿದರೆ ದತ್ತಿನಿಧಿ ಒಳ್ಳೆಯದು. 1 ಲಕ್ಷ ರೂಪಾಯಿ ಠೇವಣಿ ಇಟ್ಟರೆ, ಶೇ. 6ರ ಬಡ್ಡಿಯಲ್ಲಿ ವರ್ಷಕ್ಕೆ 6,000 ರೂಪಾಯಿ ಬರುತ್ತೆ. ಹಮಾಲರ ಮನೆಯ ಒಂದು ಮಗುವಿನ ಪುಸ್ತಕ, ಫೀಸಿಗೆ ಅದು ದೊಡ್ಡ ಆಸರೆ. ಯಾರಿಗೆ ಕೊಡಬೇಕು, ಯಾರು ಆರಿಸಬೇಕು, ಅಸಲು ಮುಟ್ಟಬಾರದು ಅನ್ನೋದೆಲ್ಲ ಸಂಸ್ಥೆಯ ಜೊತೆ ಬರವಣಿಗೆಯಲ್ಲಿ ಮಾಡಿಕೊಳ್ಳಿ. ಅಷ್ಟು ಹಣ ಸೇರದಿದ್ದರೆ ಏಪ್ರಿಲ್, ಮೇ ಬಿಸಿಲಿನಲ್ಲಿ ಗಂಜಿನ ಗೇಟಿನ ಹತ್ತಿರ ಅವರ ಹೆಸರಲ್ಲಿ ಒಂದು ಅರವಟ್ಟಿಗೆ ಹಾಕಿ. ಮಡಕೆಗೆ ದಿನಾ ನೀರು ತುಂಬುವವರು ಯಾರು ಅನ್ನೋದನ್ನು ಮೊದಲು ನಿಕ್ಕಿ ಮಾಡಿ.

ಬರೆದಿಟ್ಟದ್ದೆಲ್ಲ ಸೇರಿಸಿ ಮೊದಲ ವರ್ಷದ ಪುಣ್ಯಸ್ಮರಣೆಗೆ ಒಂದು ಸಣ್ಣ ಪುಸ್ತಕ ತನ್ನಿ. ಫೋಟೊ ಕೆಳಗೆ ಸಾವುಕಾರರ ಹೆಸರಷ್ಟೇ ಅಲ್ಲ, ಪಕ್ಕ ನಿಂತವರ ಹೆಸರೂ ಇರಲಿ. ಜಿಲ್ಲಾ ಗ್ರಂಥಾಲಯಕ್ಕೆ, ಶಾಲೆಗೆ, ಮಾತಾಡಿದ ಪ್ರತಿಯೊಬ್ಬರ ಮನೆಗೆ ಒಂದೊಂದು ಪ್ರತಿ ಕೊಡಿ. ತಪ್ಪು ಕಂಡವರು ತಿಳಿಸಲು ಕೊನೇ ಪುಟದಲ್ಲಿ ಒಂದು ಫೋನ್ ನಂಬರ್ ಹಾಕಿ.