ಒಂದು ಕೆ.ಜಿ. ಸುಖ

ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣಕ್ಕೆ ಚೀಲ ಕಟ್ಟುವಾಗ ಬಟ್ಟೆಬರೆ, ಔಷಧಿಗಳ ಲೆಕ್ಕ ಮುಗಿಸಿ ಒಂದು ಕೆ.ಜಿ. ತೂಕವನ್ನು ಬೇರೆಯಾಗಿಯೇ ಉಳಿಸಿಕೊಂಡೆ. ಇಲ್ಲದಿದ್ದರೂ ನಡೆಯುವ, ಇದ್ದರೆ ಜೀವಕ್ಕೆ ಹಿತವೆನಿಸುವ ಸಾಮಾನುಗಳಿಗೆ ಅಷ್ಟೇ ಪಾಲು. ಚಾರಣ ಶುರುವಾಗುವ ಲುಕ್ಲಾಕ್ಕೆ ಹೋಗುವ ಪುಟ್ಟ ವಿಮಾನದಲ್ಲಿ ನಮಗೆ ಕೈಚೀಲವೂ ಸೇರಿ 15 ಕೆ.ಜಿ.ಗೆ ಮಾತ್ರ ಅವಕಾಶವಿತ್ತು. ಅದಕ್ಕಿಂತ ಮುಖ್ಯವಾಗಿ, ನನ್ನ ಶೋಕಿಯನ್ನು ಪೋರ್ಟರ್ ಬೆನ್ನಿಗೆ ಹೇರಲು ಮನಸ್ಸು ಒಪ್ಪಲಿಲ್ಲ. ಆ ಒಂದು ಕೆ.ಜಿ.ಯನ್ನು ಕೊನೆಯವರೆಗೂ ನಾನೇ ಹೊತ್ತೆ.

ಹೊತ್ತದ್ದಕ್ಕೆ ಸಾರ್ಥಕವೆನಿಸಿದ್ದು ಮನೆಯಲ್ಲಿ ಕುಟ್ಟಿದ 200 ಗ್ರಾಂ ಶೇಂಗಾ ಚಟ್ನಿಪುಡಿ. 3,440 ಮೀಟರ್ ಎತ್ತರದ ನಾಮ್ಚೆ ಬಜಾರಿನವರೆಗೆ ಹಸಿವು ಚೆನ್ನಾಗಿತ್ತು. 4,400 ಮೀಟರ್ ದಾಟಿ ದಿಂಗ್ಬೋಚೆ ಸೇರಿದಾಗ ಅನ್ನದ ಹಬೆ ಮುಖಕ್ಕೆ ಬಡಿದರೂ ಸಾಕು, ಹೊಟ್ಟೆ ತೊಳಸುತ್ತಿತ್ತು. ಆ ಎತ್ತರದಲ್ಲಿ ಹಸಿವು ಕುಗ್ಗುವುದು ಸಹಜ, ಆದರೆ ತಿನ್ನದಿದ್ದರೆ ಮರುದಿನ ಕಾಲು ಏಳುವುದಿಲ್ಲ. ದಾಲ್ ಭಾತ್ ಮೇಲೆ ಎರಡು ಚಮಚ ಪುಡಿ ಉದುರಿಸಿ ಕಲಸಿದೆ. ಬೆಳ್ಳುಳ್ಳಿಯ ಘಮ ಮೂಗಿಗೆ ತಾಕಿ ಬಾಯಲ್ಲಿ ನೀರೂರಿತು. ಅಂದು ತಟ್ಟೆಯಲ್ಲಿ ಒಂದು ಅಗುಳೂ ಉಳಿಯಲಿಲ್ಲ. (ಉಪ್ಪಿನಕಾಯಿ ಬೇಡ. ಹಿಂದೊಮ್ಮೆ ಅದರ ಎಣ್ಣೆ ಸೋರಿ ನನ್ನ ಉಣ್ಣೆಯ ಬಟ್ಟೆಯೆಲ್ಲ ಹಾಳಾಗಿತ್ತು.)

ರಾತ್ರಿಗೆಂದು ಒಂದು ಜೊತೆ ದಪ್ಪ ಉಣ್ಣೆಯ ಕಾಲುಚೀಲ ಹೆಚ್ಚಾಗಿ ಇಟ್ಟುಕೊಂಡಿದ್ದೆ. ಮಲಗುವ ಮೊದಲು ಲಾಡ್ಜಿನ ಅಡುಗೆಮನೆಯಲ್ಲಿ ಹಣ ಕೊಟ್ಟು ಬಾಟಲಿಗೆ ಬಿಸಿನೀರು ತುಂಬಿಸಿಕೊಂಡು, ಮುಚ್ಚಳ ಬಿಗಿಮಾಡಿ, ಆ ಕಾಲುಚೀಲದೊಳಗೆ ತೂರಿಸಿ ಸ್ಲೀಪಿಂಗ್ ಬ್ಯಾಗಿನ ತುದಿಗೆ ತಳ್ಳುತ್ತಿದ್ದೆ. ಪಾದ ಬೆಚ್ಚಗಾದರೆ ನಿದ್ದೆ ತಾನಾಗಿ ಬರುತ್ತದೆ. ರಬ್ಬರ್ ಚೀಲಕ್ಕಿಂತ ಬಾಟಲಿಯೇ ವಾಸಿ, ಬೆಳಿಗ್ಗೆ ಅದೇ ನೀರನ್ನು ಕುಡಿಯಬಹುದು. ಮೊಬೈಲನ್ನೂ ಅದರ ಪಕ್ಕದಲ್ಲೇ ಮಲಗಿಸುತ್ತಿದ್ದೆ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ದಿಂಬಿನ ಚೀಲದೊಳಗೆ ಜಾಕೆಟ್ ತುರುಕಿದರೆ ದಿಂಬೂ ಸಿದ್ಧ. ಸಂಜೆ ಬೂಟು ಬಿಚ್ಚಿದ ಮೇಲೆ ಹಗುರವಾದ ಚಪ್ಪಲಿ.

ವ್ಯರ್ಥವಾದದ್ದು ಪುಸ್ತಕ. ಪುಟ ತಿರುವಲು ಕೈ ಹೊರಗಿಟ್ಟರೆ ಬೆರಳು ಮರಗಟ್ಟುತ್ತಿತ್ತು.

5,164 ಮೀಟರ್ ಎತ್ತರದ ಗೋರಕ್ ಶೇಪ್‌ನಲ್ಲಿ ಚಟ್ನಿಪುಡಿ ಡಬ್ಬಿಯ ತಳ ಕಂಡಿತು. ನಮ್ಮ ಪೋರ್ಟರ್ ದಾಯಿ (ನೇಪಾಳಿಯಲ್ಲಿ ಅಣ್ಣ) ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿದು, ಡಬ್ಬಿಯ ಮೂಲೆಗೆ ಅಂಟಿದ್ದ ಪುಡಿಗೆ ಒತ್ತಿ ಒತ್ತಿ ತಿಂದರು. ಮುಂದಿನ ಸಲ ಪುಸ್ತಕದ ತೂಕವನ್ನೂ ಚಟ್ನಿಪುಡಿಗೇ ಕೊಡುತ್ತೇನೆ.