ಗೋಬರ್ ಗ್ಯಾಸ್ ನಿಲ್ಲದೆ ಉರಿಯಬೇಕಾದರೆ

ಬಡ ಕುಟುಂಬಗಳಿಗೆ ಅಡುಗೆ ಅನಿಲ ಮುಟ್ಟಿಸುವ ಉಜ್ವಲಾ ಯೋಜನೆ 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಶುರುವಾಯಿತು. ಸಿಲಿಂಡರ್ ಹಳ್ಳಿಹಳ್ಳಿಗೂ ಬಂತು. ಆದರೆ ಖಾಲಿಯಾದಾಗ ಮತ್ತೆ ತುಂಬಿಸಲು ದುಡ್ಡು ಒದಗದ ಮನೆಗಳಲ್ಲಿ ಸೌದೆ ಒಲೆ ಆರಲೇ ಇಲ್ಲ. ಆ ಹೊಗೆ ಕುಡಿಯುವವರು ಹೆಂಗಸರು, ಅವರ ಸೆರಗು ಹಿಡಿದು ಕೂತ ಮಕ್ಕಳು. ದನ ಸಾಕಿದವರಿಗಾದರೂ ಇದಕ್ಕೊಂದು ದಾರಿಯಿದೆ, ಗೋಬರ್ ಗ್ಯಾಸ್: ನೀರಲ್ಲಿ ಕಲಸಿದ ಸಗಣಿ ಮುಚ್ಚಿದ ಗುಂಡಿಯಲ್ಲಿ ಕೊಳೆತಾಗ ಬರುವ, ಒಲೆ ಉರಿಸುವ ಗ್ಯಾಸ್. ಕಟ್ಟಿಸಿ ಕೈಬಿಟ್ಟವರೂ ಬಹಳ. ಹಾಗಾಗಬಾರದೆಂದರೆ ಗುಂಡಿ ತೋಡುವ ಮೊದಲೇ ಎರಡು ಕೆಲಸ ಮುಗಿಸಿ.

ಒಂದು, ಸಗಣಿ ತೂಗಿ. ಒಂದು ವಾರ ದಿನವೂ ಕೊಟ್ಟಿಗೆಯಲ್ಲಿ ಸಿಗುವುದನ್ನಷ್ಟೇ ತೂಗಿ ಬರೆದಿಡಿ. ಮೇಯಲು ಹೋದ ದನ ಅರ್ಧ ಸಗಣಿಯನ್ನು ಬಯಲಲ್ಲೇ ಬಿಟ್ಟು ಬರುತ್ತದೆ. ಒಂದು ಘನ ಮೀಟರ್ ಗ್ಯಾಸಿಗೆ ಸುಮಾರು 25 ಕಿಲೋ ಹಸಿ ಸಗಣಿ ಬೇಕು. ನಾಲ್ಕೈದು ಜನರ ಅಡುಗೆಗೆ ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ಸ್ಥಾವರ ಸಾಕು, ಅಂದರೆ ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು. ಸಗಣಿ ಕಡಿಮೆಯಿದ್ದರೆ ಚಿಕ್ಕದನ್ನೇ ಕಟ್ಟಿಸಿ. ದೊಡ್ಡದು ಕಟ್ಟಿಸಿ ಅರೆಹೊಟ್ಟೆಯಲ್ಲಿಟ್ಟರೆ ಒಲೆ ಅರ್ಧ ಅಡುಗೆಗೇ ಆರುತ್ತದೆ.

ಎರಡು, ದಿನವೂ ಕಲಸುವವರು ಯಾರೆಂದು ಮನೆಯವರೆಲ್ಲ ಕೂತು ತೀರ್ಮಾನಿಸಿ. ಕಟ್ಟಿಸುವ ಮಾತು ಗಂಡಸರದು, ಸಗಣಿ ಹೊತ್ತು ಕಲಸುವುದು, ನೀರು ತರುವುದು ಹೆಂಗಸರ ಪಾಲು ಎಂದಾದರೆ ಅದು ಅನ್ಯಾಯ. ಹೊಗೆ ತಪ್ಪಿಸಲು ಹೋಗಿ ಅವರಿಗೇ ಇನ್ನೊಂದು ಹೊರೆ ಹೊರಿಸಿದಂತಾಗುತ್ತದೆ.

ಜಾಗ ಬಿಸಿಲು ಬೀಳುವಂತಿರಲಿ, ಕೊಟ್ಟಿಗೆಗೂ ಅಡುಗೆಮನೆಗೂ ಹತ್ತಿರವಿರಲಿ. ಕುಡಿಯುವ ನೀರಿನ ಬಾವಿಯಿಂದ ದೂರವಿರಬೇಕು, ಬೇರು ಬಿಡುವ ದೊಡ್ಡ ಮರ ಪಕ್ಕದಲ್ಲಿರಬಾರದು. ಮನೆ ಬಳಕೆಗೆ ನನ್ನ ಆಯ್ಕೆ ದೀನಬಂಧು ಮಾದರಿ. 1984ರಲ್ಲಿ ಬಂದ ಇದು ನೆಲದೊಳಗಿನ ಇಟ್ಟಿಗೆ ಗುಮ್ಮಟ. ಹಳೆಯ ಮಾದರಿಯ ಕಬ್ಬಿಣದ ಡ್ರಮ್ಮಿನ ಹಾಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಗುಮ್ಮಟದ ಒಳಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಗ್ಯಾಸ್ ನಿಲ್ಲದು. ಆದ್ದರಿಂದ ಇದನ್ನೇ ಕಟ್ಟಿ ಪಳಗಿದ ಮೇಸ್ತ್ರಿಯನ್ನು ಹುಡುಕಿ. ಕ್ಯೂರಿಂಗಿಗೆ, ಅಂದರೆ ಗಾರೆಗೆ ನೀರುಣಿಸಿ ಗಟ್ಟಿಯಾಗಲು ಬಿಡುವುದಕ್ಕೆ, ಅವಸರ ಮಾಡಬೇಡಿ. ಸಹಾಯಧನ ಇದೆಯೇ ಎಂದು ಪಂಚಾಯಿತಿಯಲ್ಲಿ ಕೆಲಸ ಶುರುವಾಗುವ ಮೊದಲೇ ವಿಚಾರಿಸಿ.

ಮೊದಲ ಸಲ ತುಂಬಲು ಸುಮಾರು ಎರಡು ಟನ್ ಸಗಣಿ ಬೇಕು. ನೆರೆಯವರನ್ನೂ ಕೇಳಿ ತನ್ನಿ. ಸಮಸಮ ನೀರು ಹಾಕಿ, ಗಂಟಿಲ್ಲದಂತೆ ಕಲಸಿ, ಹುಲ್ಲು, ಕಲ್ಲು, ಮರಳು ತೆಗೆದು ಒಳಗೆ ಬಿಡಿ. ಚೆನ್ನಾಗಿ ನಡೆಯುತ್ತಿರುವ ಬೇರೆ ಸ್ಥಾವರದಿಂದ ಹೊರಬಂದ ಸಗಣಿ ಬಗ್ಗಡ ನಾಲ್ಕು ಬಕೆಟ್ ಸಿಕ್ಕರೆ ಬೆರೆಸಿ. ಅದರಲ್ಲಿರುವ ಸೂಕ್ಷ್ಮಜೀವಿಗಳಿಂದ ಕೆಲಸ ಬೇಗ ಶುರುವಾಗುತ್ತದೆ. ಮೊದಲು ಬರುವ ಗ್ಯಾಸಿನಲ್ಲಿ ಇಂಗಾಲದ ಡೈಆಕ್ಸೈಡೇ ಹೆಚ್ಚು, ಹೊತ್ತಿಕೊಳ್ಳುವುದಿಲ್ಲ. ಹತ್ತಿರದಲ್ಲಿ ಬೀಡಿ, ಬೆಂಕಿ ಇಲ್ಲದಂತೆ ನೋಡಿಕೊಂಡು ವಾಲ್ವ್ ತೆರೆದು ಅದನ್ನು ಹೊರಬಿಡಿ. ಉರಿಯುತ್ತದೆಯೇ ಎಂದು ನೋಡುವುದು ಅಡುಗೆಮನೆಯ ಒಲೆಯಲ್ಲಿ ಮಾತ್ರ, ಗುಮ್ಮಟದ ಬಾಯಲ್ಲಿ ಎಂದೂ ಕಡ್ಡಿ ಗೀರಬೇಡಿ. ಒಲೆಯೂ ಗೋಬರ್ ಗ್ಯಾಸಿನದೇ ಆಗಬೇಕು; ಸಿಲಿಂಡರ್ ಒಲೆಯ ಜೆಟ್ ತೂತು ಇದಕ್ಕೆ ಸಾಲದು.

ಆಮೇಲೆ ದಿನವೂ ಒಂದೇ ಹೊತ್ತಿಗೆ, ಒಂದೇ ಅಳತೆಯಲ್ಲಿ ಹಾಕಿ. ಎರಡು ದಿನ ಬಿಟ್ಟು ಮೂರನೆಯ ದಿನ ಒಟ್ಟಿಗೆ ಸುರಿಯುವುದು ಬೇಡ. ಸೋಪಿನ ನೀರು, ಫಿನಾಯಿಲ್ ಹಾಕಿ ಕೊಟ್ಟಿಗೆ ತೊಳೆದ ನೀರು ತೊಟ್ಟಿಗೆ ಸೇರಲೇಬಾರದು, ಒಳಗಿನ ಜೀವಿಗಳು ಸಾಯುತ್ತವೆ.

ಉರಿ ನೀಲಿಯಾಗಿ ನಿಂತಿದ್ದರೆ ಸರಿ. ಬರ್ನರ್ ಭುಗ್ ಭುಗ್ ಎಂದು ಕುಣಿದರೆ ಪೈಪಿನಲ್ಲಿ ನೀರು ನಿಂತಿದೆ, ತಗ್ಗಿನಲ್ಲಿರುವ ನಲ್ಲಿ ತಿರುಗಿಸಿ ಬಸಿಯಿರಿ. ಗ್ಯಾಸ್ ಒಮ್ಮೆಲೇ ಕಡಿಮೆಯಾದರೆ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಚಳಿಗಾಲದಲ್ಲಿ ಗ್ಯಾಸ್ ತುಸು ಇಳಿಯುವುದು ಸಹಜ, ಬಿಸಿಲಿಗೆ ಕಾದ ನೀರಲ್ಲಿ ಕಲಸಿ. ಹೂಳು ತುಂಬಿದೆ ಎಂದು ಮಾತ್ರ ಯಾರೂ ಒಳಗಿಳಿಯಬಾರದು. ಒಳಗಿನ ವಿಷಗಾಳಿ ಒಂದೆರಡು ಉಸಿರಲ್ಲೇ ಪ್ರಜ್ಞೆ ತಪ್ಪಿಸುತ್ತದೆ, ಎತ್ತಲು ಇಳಿದವರೂ ಉಳಿಯುವುದಿಲ್ಲ. ಅದಕ್ಕೆ ಬಲ್ಲವರನ್ನೇ ಕರೆಸಿ.

ಹೊರಬರುವ ಬಗ್ಗಡವನ್ನು ಚರಂಡಿಗೆ ಬಿಡಬೇಡಿ. ಸಗಣಿಯಲ್ಲಿದ್ದ ಸಾರಜನಕ ಬಹುಪಾಲು ಅದರಲ್ಲೇ ಉಳಿದಿರುತ್ತದೆ. ಕಾಲುವೆ ಮಾಡಿ ನೇರ ತೋಟಕ್ಕೆ ಹಾಯಿಸಿ, ಇಲ್ಲವೇ ಒಣ ಎಲೆ, ಕಸಕಡ್ಡಿ ತುಂಬಿದ ಗುಂಡಿಗೆ ಬಿಟ್ಟು ಗೊಬ್ಬರ ಮಾಡಿಕೊಳ್ಳಿ.